ಗೆರಟೆ ಮಸಿ

ಜೆಪ್ಪುವಿನ ಶೆಡ್ಡಿನಲ್ಲಿ ನಾನು ಕೆರೆಯುವವ.
ಬೋರ್ಡಿನಲ್ಲಿ ಪೈಂಟರ್ ಅಂತಲೇ ಇದೆ, ಇರಲಿ,
ಹಳೆಯ ಗಾಡಿಗೆ ಬಳಿಯುವುದು ನಾಲ್ಕು ದಿನ,
ಕೆರೆಯುವುದು ನಾಲ್ಕು ತಿಂಗಳು.

ಮೂವತ್ತೇಳರ ಷೆವರ್ಲೆ. ಮೇಲೆ ಮದುವೆ ಗಾಡಿಯ ಬಿಳಿ,
ಅದರಡಿ ಟ್ಯಾಕ್ಸಿಯ ಕಪ್ಪು ಹಳದಿ,
ಅದರಡಿ ಯಾರದೋ ಆಸೆಯ ಗಿಳಿಹಸಿರು,
ತಳದಲ್ಲಿ ಪುನರ್ಪುಳಿ ಶರಬತ್ತಿನ ಕೆಂಪು,
ಹುಟ್ಟಿದಾಗಿನದು.

ನಡುವೆ ಒಂದು ಪದರ ಲೆಕ್ಕಕ್ಕೆ ಸಿಗಲಿಲ್ಲ:
ಮಡ್‌ಗಾರ್ಡಿನ ಅಂಚಿಗೆ ಮಾತ್ರ ಬಿಳಿ ಪಟ್ಟಿ,
ಆತುರದಲ್ಲಿ ಎಳೆದದ್ದು.
ಹೆಡ್‌ಲೈಟಿನ ಬಳೆಯೊಳಗೆ ಡಾಂಬರು.
ಡಿಕ್ಕಿಯ ಬೆನ್ನಿಗೆ ಬೆಸುಗೆಯಲ್ಲಿ ಮುಚ್ಚಿದ ಎಂಟು ತೂತು,
ಸುತ್ತಲಿನ ತಗಡು ಸುಟ್ಟು ನೀಲಿ.

"ಗುಂಡೇಟು," ಎಂದರು ಡಾಕ್ಟರ್ ಮಾಬೆನ್.
ಬರ್ಮಾ, ಒಬ್ಬ ಕರ್ನಲ್, ಹಾಗಂತ ಮಾರಿದವ ಹೇಳಿದ್ದನಂತೆ.
ಕೊಟ್ಟ ದುಡ್ಡಿನಲ್ಲಿ ಆ ಕರ್ನಲನ ಪಾಲೂ ಇತ್ತು.

ನಾನು ಬಾಯಿ ಬಿಡಲಿಲ್ಲ. ಹಿಂದಿನ ಸೀಟಿನ ಕೆಳಗೆ,
ಹಲಗೆಯ ಸಂದಿಯಲ್ಲಿ, ಬೈಹುಲ್ಲಿನ ಹುರಿಯ ತುಂಡು,
ಮತ್ತೆ ಏಳು ಕಾಳು ಕುಚ್ಚಲಕ್ಕಿ, ಕಲ್ಲಾದದ್ದು.
ಕರ್ನಲರು ಮುಡಿ ಕಟ್ಟುತ್ತಾರೆಯೇ?

ಬಂದರಿನ ಹಮ್ಮಬ್ಬ ಬಂದದ್ದು ಮೊಮ್ಮಗನ ಸ್ಕೂಟರಿನ ಹಿಂದೆ,
ಸೈಲೆನ್ಸರಿನ ಬೆಸುಗೆಗೆ. ಪ್ರಾಯ ತೊಂಬತ್ತೆರಡು.
ಕಾರನ್ನು ಎದುರಿನಿಂದ ನೋಡಿದರು, ಗುರುತಿಲ್ಲ.
ಹಿಂದೆ ಹೋದರು. ನಿಂತರು.
ಅಂಗಿಯ ತೋಳು ಮಡಚಿದರು:
ಮೊಣಕೈ ಕೆಳಗೆ ಅರ್ಧ ಬಳೆಯಷ್ಟು ಬರೆ,
ಒಲೆಯ ಮುಚ್ಚಳದ್ದು.

"ಪೆಟ್ರೋಲು ಎಲ್ಲಿತ್ತು ಮಾರಾಯ? ಎಲ್ಲ ಮಿಲಿಟ್ರಿಗೆ.
ಬೆನ್ನಿಗೆ ಒಲೆ ಬಿಗಿದರು, ಆಳೆತ್ತರದ ಡ್ರಮ್ಮು.
ಗೆರಟೆ ಮಸಿಯ ಹೊಗೆ ಕುಡಿದು ಓಡುತ್ತಿತ್ತು ಇದು.
ಮುಂದೆ ಜುವಾಂವ್ ಡ್ರೈವರ್. ಹಿಂದೆ ಹಲಗೆಯಲ್ಲಿ ನಾನು,
ಬೆನ್ನು ಊರಿಗೆ, ಮುಖ ಬಿಟ್ಟು ಬಂದ ದಾರಿಗೆ,
ಕೈ ಗಾಳಿಚಕ್ರಕ್ಕೆ.
ಹನ್ನೊಂದು ವರ್ಷ. ದಿನಕ್ಕೆ ಎರಡಾಣೆ, ಒಂದು ಬನ್ಸು.

ಬ್ಲ್ಯಾಕೌಟಿನಲ್ಲಿ ದೀಪಕ್ಕೆ ಡಾಂಬರು ಬಳಿದು ಹೊರಟರೆ
ಕಂಕನಾಡಿಯಲ್ಲಿ ವಾರ್ಡನ್ನು ಸೀಟಿ ಊದಿ ಬೈದ:
ಮುಂದೆ ಕತ್ತಲೆ ಮಾಡಿ ಹಿಂದೆ ಕೆಂಡ ಉರಿಸುತ್ತೀರಾ,
ಜಪಾನಿನವ ಮೇಲಿಂದ ಬಗ್ಗಿ ಬೀಡಿ ಹಚ್ಚಲಿಕ್ಕಾ?

ಗುಂಡೂ ಇಲ್ಲ ಗಿಂಡೂ ಇಲ್ಲ. ಅಕ್ಕಿ.
ಪಾಣೆಮಂಗಳೂರು ಸಂಕದ ಆಚೆಯಿಂದ.
ಸೀಟು ಕಿತ್ತು ಎರಡು ಮುಡಿ, ಮುಡಿಗೆ ಕಂಬಳಿ,
ಕಂಬಳಿಯ ಮೇಲೆ ದೇಜಮ್ಮ, ಹೊಟ್ಟೆಗೆ ಹತ್ತು ಸೇರು ಕಟ್ಟಿ,
ಚೆಕ್‌ಪೋಸ್ಟ್ ಕಂಡ ಕೂಡಲೇ ನೋವು ತಿನ್ನುವುದು.
ಒಬ್ಬನೇ ಪೊಲೀಸ, ಆರು ತಿಂಗಳಲ್ಲಿ ನಾಲ್ಕು ಸಲ
ಅವಳನ್ನು ಹೆರಿಗೆಗೆ ಬಿಟ್ಟ.
ಐದನೆಯ ಸಲ ಕೈಚೀಲ ಚಾಚಿದ:
ನಮ್ಮ ಮನೆಗೂ ಒಂದು ಮಗು ಕೊಡಿ.
ಎರಡು ಸೇರು ಅಳೆದೆವು."

"ಹಸಿದವರಿಗೆ ಹಂಚಿದ್ದಲ್ಲವಾ?" ಡಾಕ್ಟರರ ಸ್ವರದಲ್ಲಿ
ಕರ್ನಲನ ಜಾಗಕ್ಕೆ ಬೇರೊಬ್ಬನನ್ನು ಹುಡುಕುವ ಆಸೆ.
"ಅರ್ಧ, ಸಾಹುಕಾರರ ಹಂಚಿನ ಕಾರ್ಖಾನೆಯ ಆಳುಗಳಿಗೆ.
ಅರ್ಧ, ನಾಲ್ಕು ಪಟ್ಟು ಕ್ರಯಕ್ಕೆ, ರಾತ್ರಿ.
ನನ್ನ ಕೈ ಸುಟ್ಟದ್ದು ಯಾವ ಅರ್ಧಕ್ಕೋ,
ನಾನು ವಿಚಾರಿಸಲಿಲ್ಲ."

ತೂತುಗಳಿಗೆ ಪುಟ್ಟಿ ಮೆತ್ತಿದೆ. ಕೆಂಪು ಬಳಿದೆ.
ರ‍್ಯಾಲಿಯ ಕಾರ್ಡಿನಲ್ಲಿ ಡಾಕ್ಟರರು ಬರೆಸಿದ್ದು:
ಯುದ್ಧಕಾಲದಲ್ಲಿ ಸೇವೆ ಸಲ್ಲಿಸಿದ ಕಾರು.
ಸುಳ್ಳೇನಲ್ಲ.

ಎಂಜಿನು ಹತ್ತಿದ ದಿನ ಬಾಗಿಲು ತೆರೆದು ಕರೆದೆವು.
ಆ ಕಾರಿನೊಳಗೆ ಅವರು ಕೂತವರೇ ಅಲ್ಲ ಹಿಂದೆ.
ಕೂತರು. ಮತ್ತೆ ಮೆಲ್ಲ ತಿರುಗಿ
ಹಿಂದಿನ ಗಾಜಿಗೆ ಮುಖ ಕೊಟ್ಟರು.
ಮೋರ್ಗನ್ಸ್ ಗೇಟು ದಾಟಿ ಸಣ್ಣದಾದ ಮೇಲೆ
"ಮೋರ್ಗನ್ಸ್ ಗೇಟು" ಎಂದರು.
ಪಾಂಡೇಶ್ವರವನ್ನೂ ಹಾಗೆಯೇ, ಅದು ಹೋದ ನಂತರ.

ಹಂಪನಕಟ್ಟೆಯ ಏರಿನಲ್ಲಿ ಗಾಡಿಗೆ ಉಸಿರು ಕಟ್ಟಿತು.
ಡಾಕ್ಟರರು ಗೇರಿಗೆ ತಡಕಾಡಿದರು.
ಇವರ ಬಲಗೈ, ತೊಡೆಯ ಮೇಲೆ ಸುಮ್ಮನಿದ್ದದ್ದು,
ಗಾಳಿಯಲ್ಲಿ ಗರಗರ ತಿರುಗತೊಡಗಿತು.
ಹತ್ತಿತು.